ಕೂಲಿ ಗಾಡಿ ಬರೋವರೆಗೂ ಚೀಟಿ ಹಾಕ್ಸಬ್ಯಾಡ್ರಿ ಅಂದಿದ್ದು

ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೇಲಿ ಎಸ್‌ಡಿಎಂಸಿಗೆ, ಅಂದ್ರೆ ಪೋಷಕರನ್ನ ಆರಿಸೋ ಶಾಲಾಭಿವೃದ್ಧಿ ಸಮಿತಿಗೆ, ನಾನು ನಿಂತಿದ್ದು ಒಂದು ಬೀಗದ ಸಲುವಾಗಿ. ಹೆಣ್ಮಕ್ಕಳ ಶೌಚಾಲಯ ಕಟ್ಟಿದಾರೆ, ಟೈಲ್ಸೂ ಹಾಕಿದಾರೆ, ಆದ್ರೆ ನೀರಿಲ್ಲ ಅಂತ ಬೀಗ. ನಮ್ದು ಜಗಳೂರು ತಾಲೂಕು, ಚಿತ್ರದುರ್ಗ ಜಿಲ್ಲೇಲಿದ್ದಾಗ್ಲೂ ಅಷ್ಟೇ, 1997ರಲ್ಲಿ ದಾವಣಗೆರೆಗೆ ಸೇರಿದ್ಮೇಲೂ ಅಷ್ಟೇ, ಬರದ ಊರು. ಆದ್ರೆ ಶಾಲೆ ಹಿಂದೇನೇ ಪಂಚಾಯ್ತಿ ಟ್ಯಾಂಕ್ ಇದೆ, ಅಲ್ಲಿಂದ ಪೈಪ್ ಎಳೆಯೋಕೆ ಎಷ್ಟು ದೂರ ಹೇಳ್ರಿ. ನನ್ನ ಮಗಳು ಏಳನೇ ಕ್ಲಾಸು, ತಿಂಗಳಲ್ಲಿ ಮೂರು ದಿನ ಶಾಲೆಗೆ ಹೋಗಲ್ಲ ಅಂತ ಮನೇಲೇ ಕೂರ್ತಿದ್ಲು, ನಾನು ಹೊಟ್ಟೆನೋವು ಅಂದ್ಕೊಂಡಿದ್ದೆ, ಆಮೇಲೆ ನೋಡಿದ್ರೆ ಅವಳ ಕ್ಲಾಸಿನ ದೊಡ್ಡ ಹುಡ್ಗೀರೆಲ್ಲಾ ಹಿಂಗೇ ಮಾಡ್ತಿದಾರೆ. ಅವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ಸಮಿತಿ ಅವಧಿ ಮೂರು ವರ್ಷ. ಹದಿನೆಂಟು ಜನ ಪೋಷಕರು ಆಯ್ಕೆ ಆಗ್ಬೇಕು, ಅದ್ರಲ್ಲಿ ಅರ್ಧ ಹೆಂಗಸ್ರು. 2009ರ ಶಿಕ್ಷಣ ಹಕ್ಕು ಕಾಯ್ದೇಲೂ ಅರ್ಧ ಹೆಂಗಸ್ರು ಇರ್ಬೇಕು ಅಂತಾನೇ ಇದೆ, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ ಇರ್ಬೇಕು ಅಂತಾನೂ ಇದೆ. ನಮ್ಮೂರಲ್ಲಿ ಏನಾಗ್ತಿತ್ತು ಅಂದ್ರೆ ಹಿಂದಿನ ದಿನಾನೇ ಅರಳಿಕಟ್ಟೇಲಿ ನಾಲ್ಕು ಜನ ಕೂತು ಪಟ್ಟಿ ಬರೀತಿದ್ರು, ಶಾಲೇಲಿ ಓದಿ ಹೇಳೋದು, ಎಲ್ರೂ ಚಪ್ಪಾಳೆ, ಅವಿರೋಧ ಆಯ್ಕೆ. ಹೆಂಡ್ತಿ ಹೆಸ್ರು ಇರುತ್ತೆ, ಮೀಟಿಂಗಿಗೆ ಗಂಡ ಹೋಗ್ತಾನೆ.

ಈ ಸಲ ನಾನೂ ಹೆಸ್ರು ಕೊಟ್ಟೆ. ನಮ್ಮ ವರ್ಗದ ಮಹಿಳಾ ಸೀಟಿಗೆ ಎರಡು ಹೆಸ್ರು ಆಯ್ತು, ಚೀಟಿ ಹಾಕಿ ವೋಟು ಮಾಡ್ಲೇಬೇಕು. ಹಿಂದಿನ ರಾತ್ರಿ ಊರಿನ ಹಿರೀಕರೊಬ್ರು ಮನೆಗೆ ಬಂದು ನಮ್ಮನೆಯವ್ರ ಹತ್ರ "ತಂಗೀಗೆ ಹೇಳಪ್ಪಾ, ಊರಲ್ಲಿ ಒಗ್ಗಟ್ಟು ಒಡೀಬಾರ್ದು" ಅಂದ್ರು. ನಾನು ಒಳಗಡೆ ಮಿಷನ್ ಮೇಲೆ ಜಾಕೀಟು ಹೊಲೀತಾ ಇದ್ದೆ, ಎದ್ದು ಬಂದು "ಅಜ್ಜಾ, ಮಕ್ಕಳ ವಿಷ್ಯಕ್ಕೆ ನಿಂತಿದೀನಿ, ಜಗಳಕ್ಕಲ್ಲ" ಅಂದೆ. ನಮ್ಮನೆಯವ್ರು ಸುಮ್ನಿದ್ರು. ಅವ್ರು ಹೋದ್ಮೇಲೆ "ನಿಂತಿದೀಯ ಅಂದ್ಮೇಲೆ ನಿಂತ್ಕೋ" ಅಂದ್ರು, ಅಷ್ಟೇ, ಆದ್ರೆ ನಂಗೆ ಅಷ್ಟು ಸಾಕಾಗಿತ್ತು.

ಶನಿವಾರ ಮಧ್ಯಾಹ್ನ ಎರಡಕ್ಕೆ ಸಭೆ. ಮೆಕ್ಕೆಜೋಳದ ತೆನೆ ಮುರಿಯೋ ಟೈಮು. ನಂಗೆ ವೋಟು ಹಾಕೋರೆಲ್ಲಾ ಬೆಳಗ್ಗೆ ಏಳಕ್ಕೇ ಬುತ್ತಿ ಕಟ್ಕೊಂಡು ಟಾಟಾ ಏಸ್ ಹತ್ತಿ ಹೋದೋರು, ನಾಲ್ಕೂವರೆಗೆ ವಾಪಸ್. ಸಭೇಲಿ ನೋಡಿದ್ರೆ ಗಂಡಸ್ರೇ ತುಂಬಿದಾರೆ. ನಾನು ಎದ್ದು ನಿಂತೆ, ಕಾಲು ನಡುಗ್ತಿತ್ತು, ಆದ್ರೂ ಹೇಳ್ದೆ, ಸಾರ್, ಕೂಲಿಗೆ ಹೋದ ತಾಯಂದ್ರೂ ಪೋಷಕರೇ, ಗಾಡಿ ಬರೋವರೆಗೂ ಚೀಟಿ ಹಾಕ್ಸಬ್ಯಾಡ್ರಿ. ಗದ್ದಲ ಆಯ್ತು. "ಕಾಯೋಕಾಗಲ್ಲ" ಅಂತ ಕೆಲವ್ರು ಎದ್ದೇ ಬಿಟ್ರು. ಹೆಡ್ ಮಾಸ್ಟ್ರು ಸ್ವಲ್ಪ ಹೊತ್ತು ಯೋಚ್ನೆ ಮಾಡಿ, ಉಳಿದ ಸೀಟಿಂದು ಮೊದ್ಲು ಮುಗ್ಸೋಣ, ಈ ಚೀಟಿ ಐದಕ್ಕೆ ಅಂದ್ರು. ಆ ಒಂದು ಮಾತಿಗೆ ಅವ್ರನ್ನ ನಾನು ಯಾವತ್ತೂ ಮರೆಯಲ್ಲ.

ಗಾಡಿ ಬಂದಾಗ ಐದಕ್ಕೆ ಹತ್ತು ನಿಮಿಷ ಇತ್ತು. ತಲೆಗೆ ಕಟ್ಟಿದ ಟವೆಲ್ಲು ಹಂಗೇ ಇದೆ, ಸೀರೆಗೆಲ್ಲಾ ಜೋಳದ ಧೂಳು, ಮನೆಗೂ ಹೋಗ್ದೆ ಸೀದಾ ಶಾಲೆ ಗೇಟಲ್ಲೇ ಇಳಿದ್ರು. ಓದೋಕೆ ಬರ್ದೋರಿಗೆ ಅಂತ ಮಾಸ್ಟ್ರು ಬಣ್ಣದ ಕಾಗದ ಕತ್ತರಿಸಿಟ್ಟಿದ್ರು, ನಂದು ಹಳದಿ, ಇನ್ನೊಬ್ರದ್ದು ಗುಲಾಬಿ, ಬಿಸಿಯೂಟದ ಸ್ಟೀಲ್ ಡಬ್ಬಿಗೆ ಹಾಕೋದು. ಎಣಿಸಿದಾಗ ಮೂವತ್ನಾಲ್ಕು ಹಳದಿ, ಇಪ್ಪತ್ತೇಳು ಗುಲಾಬಿ.

ಸೋತವಳು ನಂಗಿಂತ ಚಿಕ್ಕೋಳು. ಗೇಟ್ ಹತ್ರ ಕೈ ಹಿಡ್ಕೊಂಡು "ಯಕ್ಕಾ, ನನ್ನ ಹೆಸ್ರು ಕೊಟ್ಟಿದಾರೆ ಅಂತ ನಂಗೆ ಮೊನ್ನೆ ಗೊತ್ತಾಗಿದ್ದು, ನನ್ನ ಮಗಳೂ ಆರನೇ ಕ್ಲಾಸು, ಬೀಗ ತೆಗಿಸ್ತೀಯಾ" ಅಂತ ಕೇಳಿದ್ಲು. ಇಬ್ರಿಗೂ ಕಣ್ಣಲ್ಲಿ ನೀರು.

ಅಧ್ಯಕ್ಷರು ಬೇರೆಯವ್ರಾದ್ರು, ಖಾತೆಗೆ ಹೆಡ್ ಮಾಸ್ಟ್ರ ಜೊತೆ ಸಹಿ ಮಾಡೋದು ಅವ್ರೇ, ಅದು ನಂಗೆ ಬೇಜಾರಿಲ್ಲ. ಮೊದಲ್ನೇ ಸಭೇಲಿ ನಡಾವಳಿ ಪುಸ್ತಕದಲ್ಲಿ ಪೈಪಿನ ವಿಷ್ಯ ಬರ್ಸಿದೆ, ಬರೆದಿದ್ದನ್ನ ಜೋರಾಗಿ ಓದಿ ಅಂತ ಕೇಳಿ ಓದಿಸ್ಕೊಂಡೇ ಸಹಿ ಹಾಕ್ದೆ. ಸದ್ಯಕ್ಕೆ ಎರಡು ಡ್ರಮ್ಮು ಇಟ್ಟಿದೀವಿ, ಬೆಳಗ್ಗೆ ತುಂಬಿಸ್ತಾರೆ, ಬೀಗದ ಕೈ ಏಳನೇ ಕ್ಲಾಸಿನ ಬಾಗಿಲ ಮೊಳೇಲಿ ನೇತಾಡ್ತಿದೆ. ಪೈಪ್ ಇನ್ನೂ ಬಂದಿಲ್ಲ, ಸೋಮವಾರ ಪಂಚಾಯ್ತಿಗೆ ಮತ್ತೆ ಹೋಗ್ಬೇಕು. ಹೋದ ಸಲ ಒಬ್ಳೇ ಹೋಗಿದ್ದೆ, ಈ ಸಲ ಐದು ಜನ ಬರ್ತೀವಿ ಅಂದಿದಾರೆ, ಅದ್ರಲ್ಲಿ ಗುಲಾಬಿ ಚೀಟಿಯವಳೂ ಒಬ್ಳು.