ಪೆಪ್ಟೈಡ್ ಬಗ್ಗೆ ಕೇಳಿದರೆ ನಾನು ಮೊದಲು ಲೇಬಲ್ ಕೇಳುತ್ತೇನೆ

"ಪೆಪ್ಟೈಡ್ ತಗೊಂಡ್ರೆ ಒಳ್ಳೇದಾ?" ಫಾರ್ಮಸಿ ಕೌಂಟರ್‌ನಲ್ಲಿ ಈಚೆಗೆ ಈ ಪ್ರಶ್ನೆ ಜಾಸ್ತಿಯಾಗಿದೆ. ಹೌದು, ಇಲ್ಲ ಅಂತ ಹೇಳುವುದನ್ನು ಬಿಟ್ಟುಬಿಟ್ಟಿದ್ದೇನೆ. "ಯಾವುದು, ತೋರಿಸಿ" ಅನ್ನುತ್ತೇನೆ.

ಯಾಕೆಂದರೆ ಪೆಪ್ಟೈಡ್ ಅಂದರೆ ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲಗಳ ಸಣ್ಣ ಸರಪಳಿ, ಅಷ್ಟೇ. ಇನ್ಸುಲಿನ್ ಕೂಡ ಪೆಪ್ಟೈಡೇ. 51 ಅಮೈನೋ ಆಮ್ಲ ಸೇರಿ ಆದದ್ದು, 1922ರಿಂದ ಜೀವ ಉಳಿಸುತ್ತಾ ಬಂದಿದೆ. ಸಕ್ಕರೆ ಕಾಯಿಲೆಗೆ, ತೂಕ ಇಳಿಸೋಕೆ ಕೊಡುವ, ಈಗ ಎಲ್ಲರ ಬಾಯಲ್ಲಿರುವ ಸೆಮಾಗ್ಲುಟೈಡ್ ಸಹ ಇದೇ ಗುಂಪಿನದು. ಜಿಎಲ್‌ಪಿ-1 ಅನ್ನುವ ಹಾರ್ಮೋನಿನಂತೆ ಕೆಲಸ ಮಾಡುತ್ತದೆ. ನಮ್ಮ ಕರುಳಿನಲ್ಲಿ ಹುಟ್ಟುವ ಜಿಎಲ್‌ಪಿ-1 ಒಂದೆರಡು ನಿಮಿಷದಲ್ಲೇ ಒಡೆದುಹೋಗುತ್ತದೆ. ಸೆಮಾಗ್ಲುಟೈಡ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಹಾಗಾಗಿ ವಾರಕ್ಕೊಂದು ಇಂಜೆಕ್ಷನ್ ಸಾಕು. ಒಂದು ದೊಡ್ಡ ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ ಶೇ 15ರಷ್ಟು ತೂಕ ಇಳಿಯಿತು. ವಾಕರಿಕೆ, ವಾಂತಿ ಸಾಮಾನ್ಯ. ಪಿತ್ತಕೋಶದಲ್ಲಿ ಕಲ್ಲು ಆಗುವುದೂ ಉಂಟು. ಆದರೆ ಇವೆಲ್ಲ ಗೊತ್ತಿರುವ ಅಪಾಯ. ಪ್ಯಾಕೆಟ್ ಒಳಗಿನ ಚೀಟಿಯಲ್ಲಿ ಬರೆದಿರುತ್ತದೆ.

ಬಿಪಿಸಿ-157 ಅನ್ನುವ ಇನ್ನೊಂದು ಪೆಪ್ಟೈಡ್‌ಗೆ ಅಂಥ ಚೀಟಿಯೇ ಇಲ್ಲ. ಗಾಯ, ಸ್ನಾಯು ಬೇಗ ವಾಸಿಯಾಗುತ್ತದೆ ಅಂತ ಜಿಮ್‌ಗೆ ಹೋಗುವವರು ತರಿಸುತ್ತಾರೆ. ಅದರ ಬಗ್ಗೆ ಇರುವ ಪುರಾವೆ ಬಹುಪಾಲು ಇಲಿಗಳದ್ದು. 2022ರಿಂದ ಕ್ರೀಡಾಪಟುಗಳಿಗೆ ನಿಷೇಧವಿದೆ. ಹೊಸ ರಕ್ತನಾಳ ಬೆಳೆಸುತ್ತದೆ ಅಂತ ಹೊಗಳುತ್ತಾರೆ. ಕ್ಯಾನ್ಸರ್ ಗಡ್ಡೆ ಬೆಳೆಯೋಕೂ ಬೇಕಾಗಿರುವುದು ಅದೇ ಅಲ್ವಾ? ಅದರ ವಯಲ್ (ಪುಟ್ಟ ಗಾಜಿನ ಬಾಟಲಿ) ತಿರುಗಿಸಿ ನೋಡಿದರೆ ಸಣ್ಣಕ್ಷರದಲ್ಲಿ 'ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ' ಅಂತ ಇರುತ್ತದೆ. ಒಳಗಿರುವುದು ಆ ಹೆಸರಿನದೇನಾ, ಬ್ಯಾಕ್ಟೀರಿಯಾದ ವಿಷ ಸೇರಿದೆಯಾ ಅಂತ ನಾನು ಕಣ್ಣಲ್ಲಿ ನೋಡಿ ಹೇಳೋಕೆ ಆಗಲ್ಲ.

ಇನ್ನು ಲೆಕ್ಕದ ವಿಷಯ. ನನಗೆ ಹೆಚ್ಚು ಭಯ ಇರುವುದು ಇಲ್ಲೇ. ಇಂಥ ವಯಲ್‌ನಲ್ಲಿ ಪುಡಿ ಇದ್ದರೆ, ನೀರು ಬೆರೆಸಿ ಸಿರಿಂಜಿಗೆ ಎಳೆದುಕೊಳ್ಳುವುದು ಜನರೇ. 5 ಮಿಲಿಗ್ರಾಂ ಪುಡಿಗೆ 2 ಎಂಎಲ್ ನೀರು ಬೆರೆಸಿದರೆ 0.25 ಮಿಲಿಗ್ರಾಂ ಅಂದರೆ 0.1 ಎಂಎಲ್. 1 ಎಂಎಲ್‌ಗೆ 100 ಯೂನಿಟ್ ಗುರುತಿರುವ ಇನ್ಸುಲಿನ್ ಸಿರಿಂಜಿನಲ್ಲಿ ಅದು 10ರ ಗೆರೆ. ಅದೇ ಪುಡಿಗೆ 1 ಎಂಎಲ್ ಮಾತ್ರ ಹಾಕಿದರೆ, ಅದೇ 10ರ ಗೆರೆಗೆ ಡೋಸ್ ಎರಡರಷ್ಟು. 0.25 ನೋಡಿ 25ರ ಗೆರೆವರೆಗೆ ಎಳೆದುಕೊಂಡರೆ ಕೇಳುವುದೇ ಬೇಡ. ಹೀಗೆ ಗೊಂದಲವಾಗಿ 5ರಿಂದ 20 ಪಟ್ಟು ಸೆಮಾಗ್ಲುಟೈಡ್ ಚುಚ್ಚಿಕೊಂಡವರ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲಿ ಎಚ್ಚರಿಸಿತ್ತು. ಕೆಲವರು ಆಸ್ಪತ್ರೆ ಸೇರಿದ್ದರು. ಆದ್ದರಿಂದ ಯಾರಾದರೂ "ಎಷ್ಟು ಯೂನಿಟ್?" ಅಂತ ಕೇಳಿದರೆ, ಎಷ್ಟು ನೀರು ಬೆರೆಸಿದ್ದೀರಿ ಅಂತ ತಿರುಗಿ ಕೇಳುತ್ತೇನೆ. ಅರ್ಧ ಜನರ ಹತ್ತಿರ ಉತ್ತರ ಇರಲ್ಲ.

ಬೈದರೆ ಮುಚ್ಚಿಟ್ಟುಕೊಂಡು ಹೋಗುತ್ತಾರೆ, ಹಾಗಾಗಿ ಬೈಯಲ್ಲ. ಆಪರೇಷನ್ ಇದ್ದರೆ ಮಾತ್ರ ಬಿಡದೆ ಹೇಳುತ್ತೇನೆ: ಸೆಮಾಗ್ಲುಟೈಡ್ ತಗೊಳ್ತಿದ್ದರೆ ಅರಿವಳಿಕೆ ಕೊಡುವ ಡಾಕ್ಟರಿಗೆ ಮೊದಲೇ ತಿಳಿಸಿ. ಹೊಟ್ಟೆ ನಿಧಾನವಾಗಿ ಖಾಲಿಯಾಗುವುದರಿಂದ, ಉಪವಾಸ ಇದ್ದರೂ ಊಟ ಒಳಗೇ ಉಳಿದು ಶ್ವಾಸಕೋಶಕ್ಕೆ ಹೋಗುವ ಸಾಧ್ಯತೆ ಇದೆ.