ರುಕ್ಮ ವಿಮಾನದ ತೂಕ

ಕಳೆದ ತಿಂಗಳು ನನ್ನ ಅಕ್ಕನ ಮಗ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಥರ್ಮೋಕೋಲಿನಲ್ಲಿ ಒಂದು ಮಾದರಿಯನ್ನು ಕತ್ತರಿಸುತ್ತ ಕುಳಿತಿದ್ದ. ಬುಡದಲ್ಲಿ ಅಗಲವಾಗಿದ್ದು ಮೇಲೆ ಹೋದಂತೆ ಕಿರಿದಾಗುವ, ದೇವಸ್ಥಾನದ ಶಿಖರವನ್ನು ಹೋಲುವ ಆಕೃತಿ ಅದು. ಪಕ್ಕದಲ್ಲಿದ್ದ ಚಾರ್ಟಿನ ಮೇಲೆ ‘ರುಕ್ಮ ವಿಮಾನ, ಭರದ್ವಾಜ ಮಹರ್ಷಿಗಳ ವೈಮಾನಿಕ ಶಾಸ್ತ್ರದಿಂದ, 7000 ವರ್ಷಗಳ ಹಿಂದೆ’ ಎಂದು ಬಣ್ಣದ ಪೆನ್ನಿನಲ್ಲಿ ಬರೆದಿದ್ದ. ಆ ಸಾಲನ್ನು ಓದಿದಾಗ ನನಗೆ ಕೋಪ ಬರಲಿಲ್ಲ, ಸಂಕಟವಾಯಿತು. ಏಕೆಂದರೆ ಪಿಯುಸಿಯಲ್ಲಿದ್ದಾಗ ಇದೇ ವಿಷಯದ ಮೇಲೆ ಭಾಷಣ ಮಾಡಿ, ಬಹುಮಾನ ಪಡೆದು, ಹಲವು ವರ್ಷ ಅದನ್ನೇ ನಿಜವೆಂದು ನಂಬಿಕೊಂಡಿದ್ದವನು ನಾನು. ಇದನ್ನು ಯಾರಾದರೂ ಪರೀಕ್ಷಿಸಿ ನೋಡಿದ್ದಾರೆಯೇ ಎಂಬ ಒಂದು ಪ್ರಶ್ನೆಯನ್ನು ಆಗ ನನಗೆ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಪರೀಕ್ಷಿಸಿ ನೋಡಿದವರಿದ್ದರು, ಅದೂ ನಮ್ಮ ಬೆಂಗಳೂರಿನಲ್ಲಿಯೇ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು ಮತ್ತು ಎಸ್. ಪಿ. ಗೋವಿಂದರಾಜು ಎಂಬ ಐವರು ಈ ಗ್ರಂಥವನ್ನು ಕುರಿತು ಒಂದು ವಿಮರ್ಶಾತ್ಮಕ ಅಧ್ಯಯನವನ್ನು ಪ್ರಕಟಿಸಿದರು. ಅದರ ಹಿಂದಿನ ವರ್ಷವಷ್ಟೇ ಮೈಸೂರಿನ ಜಿ. ಆರ್. ಜೋಯಿಸರ್ ಅವರು ಮೂಲ ಸಂಸ್ಕೃತವನ್ನು ಇಂಗ್ಲಿಷ್ ಅನುವಾದದೊಂದಿಗೆ ಹೊರತಂದಿದ್ದರು. 1959ರಲ್ಲಿಯೇ ಹಿಂದಿ ಅನುವಾದವೂ ಬಂದಿತ್ತು. ವಿಮಾನಶಾಸ್ತ್ರವನ್ನೇ ವೃತ್ತಿಯಾಗಿ ಉಳ್ಳವರು ಇಂಥ ಗ್ರಂಥವನ್ನು ನಕ್ಕು ಬದಿಗಿಡುವುದು ಸುಲಭವಾಗಿತ್ತು. ಅವರು ಹಾಗೆ ಮಾಡಲಿಲ್ಲ. ಒಂದು ವಾದವನ್ನು ತೂಗಿ ನೋಡುವಷ್ಟು ಗಂಭೀರವಾಗಿ ತೆಗೆದುಕೊಳ್ಳುವುದೇ ಅದಕ್ಕೆ ಸಲ್ಲಿಸಬಹುದಾದ ನಿಜವಾದ ಗೌರವ ಎಂದು ನಾನು ನಂಬಿರುವುದು ಆ ಅಧ್ಯಯನವನ್ನು ಓದಿದ ಮೇಲೆ.

ಅವರು ಮೊದಲು ಕೇಳಿದ್ದು ವಿಮಾನದ ಪ್ರಶ್ನೆಯನ್ನಲ್ಲ, ಪುಸ್ತಕದ ಪ್ರಶ್ನೆಯನ್ನು: ಇದು ಎಲ್ಲಿಂದ ಬಂತು, ಯಾರ ಕೈಯಿಂದ ಯಾರ ಕೈಗೆ ಬಂತು? ಆ ಎಳೆಯನ್ನು ಹಿಡಿದು ಹೋದಾಗ ಅದು ಯಾವ ಋಷ್ಯಾಶ್ರಮಕ್ಕೂ ಹೋಗದೆ ಬೆಂಗಳೂರಿನ ಪಕ್ಕದ ಆನೇಕಲ್ಲಿಗೆ ಬಂದು ನಿಂತಿತು. ಅಲ್ಲಿ ನೆಲೆಸಿದ್ದ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ತಮಗೆ ಸ್ಫುರಿಸಿದ ಶ್ಲೋಕಗಳನ್ನು ಹೇಳುತ್ತ ಹೋದರು, ಜಿ. ವೆಂಕಟಾಚಲ ಶರ್ಮ ಎಂಬುವರು ಬರೆದುಕೊಂಡರು. ಈ ಕೆಲಸ ನಡೆದದ್ದು 1918ರಿಂದ 1923ರ ನಡುವೆ. ಚಿತ್ರಗಳನ್ನು ಬರೆದವರು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಕ್ಷೆಗಾರರಾಗಿದ್ದ ಟಿ. ಕೆ. ಎಲ್ಲಪ್ಪ. ಅದಕ್ಕೂ ಹಿಂದೆ ಮುಂಬಯಿಯ ತಳಪದೆಯವರು ಶಾಸ್ತ್ರಿಗಳ ಮಾರ್ಗದರ್ಶನದಲ್ಲಿ ಕೆಲವು ಮಾದರಿಗಳನ್ನು ಮಾಡಿ ನೋಡಿದ್ದರು; ಅವುಗಳಲ್ಲಿ ಒಂದೂ ಹಾರಲಿಲ್ಲ ಎಂಬುದನ್ನು ಹೇಳಿದವರು ಸ್ವತಃ ವೆಂಕಟಾಚಲ ಶರ್ಮರೇ. ರೈಟ್ ಸಹೋದರರಿಗಿಂತ ಎಂಟು ವರ್ಷ ಮೊದಲೇ ಮುಂಬಯಿಯ ಕಡಲ ತೀರದಲ್ಲಿ ಈ ತಳಪದೆಯವರ ವಿಮಾನ ಹಾರಿತೆಂದು ಇಂದಿಗೂ ಹಂಚಿಕೊಳ್ಳುವ ಸಂದೇಶಗಳ ಪಕ್ಕದಲ್ಲಿ ಈ ಒಂದು ಸಾಕ್ಷ್ಯವನ್ನು ಇಟ್ಟು ನೋಡಬೇಕು. ಆ ಕೆಲಸಕ್ಕೆ ಅತ್ಯಂತ ಹತ್ತಿರವಿದ್ದ, ಅದರ ಮೇಲೆ ಅಭಿಮಾನವಿದ್ದ ಮನುಷ್ಯ ಹೇಳಿದ ಮಾತು ಅದು.

ಎರಡನೆಯ ಸಾಕ್ಷ್ಯ ಭಾಷೆಯದು. ಗ್ರಂಥದ ಸಂಸ್ಕೃತ ಸರಳವಾದದ್ದು, ಈಚಿನದು. ವೇದಭಾಷೆಯ ವ್ಯಾಕರಣವಿಶೇಷಗಳು ಅದರಲ್ಲಿಲ್ಲ. ಈ ಬಗೆಯ ವಾದ ಕನ್ನಡದ ಓದುಗರಿಗೆ ಹೊಸದಾಗಬೇಕಿಲ್ಲ. ಹನ್ನೆರಡನೆಯ ಶತಮಾನದ ಶರಣರ ಅಂಕಿತವಿರುವ ವಚನವೊಂದರಲ್ಲಿ ಬಹಳ ಈಚಿನ ಪದವೊಂದು ಕಾಣಿಸಿದರೆ ನಮ್ಮ ಗ್ರಂಥಸಂಪಾದಕರು ಅದನ್ನು ಪ್ರಕ್ಷಿಪ್ತವೆಂದು ಗುರುತಿಸಿ ಅನುಬಂಧಕ್ಕೆ ಕಳಿಸುತ್ತಾರೆ. ಹಾಗೆ ಮಾಡಿದವರನ್ನು ನಾವು ಬಸವಣ್ಣನ ವಿರೋಧಿಗಳೆಂದು ಕರೆಯುವುದಿಲ್ಲ, ಬಸವಣ್ಣನ ನಿಜವಾದ ಮಾತನ್ನು ಉಳಿಸಿಕೊಟ್ಟವರೆಂದು ನೆನೆಯುತ್ತೇವೆ. ಹಸ್ತಪ್ರತಿಗಳಿಗೆ ಸಲ್ಲುವ ಈ ನ್ಯಾಯ ವಿಮಾನಕ್ಕೂ ಸಲ್ಲಬೇಕು. ಸಾಕ್ಷ್ಯಗಳನ್ನೆಲ್ಲ ಕೂಡಿಸಿ ನೋಡಿದ ಐವರು, ಈ ಕೃತಿ 1904ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ ಎಂಬ ತೀರ್ಮಾನಕ್ಕೆ ಬಂದರು.

ನನ್ನ ಮನಸ್ಸಿನಲ್ಲಿ ಆಳವಾಗಿ ನಿಂತಿರುವುದು ಚಿತ್ರಗಳ ವಿಷಯದಲ್ಲಿ ಅವರು ತೋರಿದ ಸಂಯಮ. ಎಲ್ಲಪ್ಪನವರ ಚಿತ್ರಗಳಲ್ಲಿ ಆಧುನಿಕ ಯಂತ್ರಗಳ ಪರಿಚಯ ಸ್ಪಷ್ಟವಾಗಿ ಕಾಣುತ್ತದೆ. ಅಷ್ಟನ್ನೇ ಎತ್ತಿ ಹಿಡಿದು ಇಡೀ ಗ್ರಂಥ ಹುಸಿಯೆಂದು ಸಾರಿದ್ದರೆ ಓದುಗರು ಒಪ್ಪಿಬಿಡುತ್ತಿದ್ದರು. ಆದರೆ ಚಿತ್ರಗಳಿಗೂ ಶ್ಲೋಕಗಳಿಗೂ ಹೊಂದಾಣಿಕೆಯೇ ಇಲ್ಲ. ಆದ್ದರಿಂದ ಚಿತ್ರಗಳ ತಪ್ಪನ್ನು ಪಠ್ಯದ ಮೇಲೆ ಹೊರಿಸುವುದು ನ್ಯಾಯವಲ್ಲ ಎಂದು ಅವರು ಚಿತ್ರಗಳನ್ನು ಚರ್ಚೆಯಿಂದ ಹೊರಗಿಟ್ಟು, ಪಠ್ಯವನ್ನು ಅದರ ಮಾತಿನಿಂದಲೇ ಅಳೆದರು. ತಮ್ಮ ವಾದಕ್ಕೆ ಅನುಕೂಲವಾಗಿದ್ದ ಸಾಕ್ಷ್ಯವನ್ನು ಅದು ದುರ್ಬಲವೆಂಬ ಕಾರಣಕ್ಕೆ ತಾವೇ ಬಿಟ್ಟುಕೊಡುವುದು ಬಹಳ ಕಷ್ಟದ ಕೆಲಸ. ಹಾಗೆ ಬಿಟ್ಟುಕೊಟ್ಟ ಮೇಲೂ ಪಠ್ಯ ನಿಲ್ಲಲಿಲ್ಲ. ಗ್ರಂಥ ವರ್ಣಿಸುವ ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳಲ್ಲಿ ಯಾವುದೂ ಹಾರುವ ಗುಣವುಳ್ಳದ್ದಲ್ಲ, ಅವುಗಳಿಗೆ ಹೇಳಿರುವ ಚಾಲನೆಯ ವಿಧಾನಗಳು ಹಾರಾಟಕ್ಕೆ ನೆರವಾಗುವ ಬದಲು ಅಡ್ಡಿಯಾಗುತ್ತವೆ ಎಂದು ಅವರು ಬರೆದರು.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ದೊಡ್ಡವರು ಹೇಳಿದ್ದಾರೆಂಬ ಕಾರಣಕ್ಕೆ ಅವನು ಒಂದನ್ನು ಬಿಟ್ಟು ಇನ್ನೊಂದನ್ನು ನಂಬುವುದು ನನಗೆ ಬೇಕಿರಲಿಲ್ಲ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ನಮ್ಮಜ್ಜಿ ಮಾತುಮಾತಿಗೆ ಹೇಳುತ್ತಿದ್ದರು. ಆದ್ದರಿಂದ ಕಾಗದ ತೆಗೆದುಕೊಂಡು ಇಬ್ಬರೂ ಲೆಕ್ಕಕ್ಕೆ ಕುಳಿತೆವು. ನಾಲ್ಕರಲ್ಲಿ ತತ್ತ್ವದ ಮಟ್ಟಿಗಾದರೂ ಅರ್ಥವಾಗುವುದು ರುಕ್ಮ: ಮೇಲಿನಿಂದ ಗಾಳಿಯನ್ನು ಎಳೆದು ಕೊಳವೆಗಳ ಮೂಲಕ ಕೆಳಕ್ಕೆ ತಳ್ಳಿದರೆ, ನ್ಯೂಟನ್ನನ ಮೂರನೆಯ ನಿಯಮದಂತೆ ಯಂತ್ರಕ್ಕೆ ಮೇಲ್ಮುಖವಾದ ಬಲ ದೊರೆಯುತ್ತದೆ. ಯಂತ್ರದ ತೂಕ ಒಂದು ಟನ್ ಎಂದೂ ಕೊಳವೆಗಳ ಒಟ್ಟು ಬಾಯಿ ಒಂದು ಚದರ ಮೀಟರ್ ಎಂದೂ ಇಟ್ಟುಕೊಂಡೆವು. ಗಾಳಿಯ ಸಾಂದ್ರತೆ ಘನಮೀಟರಿಗೆ ಸುಮಾರು 1.2 ಕಿಲೋಗ್ರಾಂ. ಆ ತೂಕವನ್ನು ಗಾಳಿಯಲ್ಲಿ ನಿಲ್ಲಿಸಬೇಕಾದರೆ ಪ್ರತಿ ಸೆಕೆಂಡಿಗೆ ಸುಮಾರು 108 ಕಿಲೋಗ್ರಾಂ ಗಾಳಿಯನ್ನು ಸೆಕೆಂಡಿಗೆ 90 ಮೀಟರ್, ಅಂದರೆ ಗಂಟೆಗೆ ಸುಮಾರು 325 ಕಿಲೋಮೀಟರ್ ವೇಗದಲ್ಲಿ ಕೆಳಕ್ಕೆ ತಳ್ಳಬೇಕು. ಅದಕ್ಕೆ ಯಾವ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯದಿದ್ದರೂ 440 ಕಿಲೋವ್ಯಾಟ್, ಹಳೆಯ ಲೆಕ್ಕದಲ್ಲಿ ಸುಮಾರು 590 ಅಶ್ವಶಕ್ತಿ ಬೇಕು. 1903ರಲ್ಲಿ ರೈಟ್ ಸಹೋದರರು ಹಾರಿದ್ದು ಸುಮಾರು 12 ಅಶ್ವಶಕ್ತಿಯ ಎಂಜಿನ್ನಿನಿಂದ. ಅವರಿಗೆ ಅಷ್ಟು ಸಾಕಾದದ್ದು ಮುನ್ನುಗ್ಗುವ ರೆಕ್ಕೆಗಳು ಭಾರವನ್ನು ಹೊತ್ತದ್ದರಿಂದ.

ಕೊಳವೆಯ ಬಾಯಿಯನ್ನು ದೊಡ್ಡದು ಮಾಡಿದರೆ ಏನಾಗುತ್ತದೆ ಎಂದು ಅವನು ಕೇಳಿದ. ಬಹಳ ಒಳ್ಳೆಯ ಪ್ರಶ್ನೆ. ಬಾಯಿಯನ್ನು ನಾಲ್ಕು ಪಟ್ಟು ಮಾಡಿದರೆ ಬೇಕಾದ ವೇಗವೂ ಶಕ್ತಿಯೂ ಅರ್ಧಕ್ಕೆ ಇಳಿಯುತ್ತವೆ. ಆದರೆ ಆಕಾರವನ್ನು ಬದಲಿಸದೆ ಇಡೀ ಯಂತ್ರವನ್ನು ಎಲ್ಲ ದಿಕ್ಕಿನಲ್ಲೂ ಎರಡು ಪಟ್ಟು ಮಾಡಿದಾಗ ಬಾಯಿ ನಾಲ್ಕು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ. ಅದನ್ನು ಅವನೇ ಪೆನ್ಸಿಲಿನಿಂದ ಬರೆದು ಕಂಡುಕೊಂಡ. ಗ್ರಂಥವು ಹೇಳುವ ಗೋಪುರದಂಥ ಗಾತ್ರಕ್ಕೆ ಎಷ್ಟು ಶಕ್ತಿ ಬೇಕಾದೀತು ಎಂಬುದನ್ನು ಆಮೇಲೆ ನಾನು ಹೇಳಬೇಕಾಗಲಿಲ್ಲ.

ನಂಬಲು ಹಂಬಲಿಸಿ ಮೋಸಹೋಗುವುದು ನಮ್ಮ ನಾಡಿಗೆ ಮಾತ್ರ ಸೀಮಿತವಾದ ದೌರ್ಬಲ್ಯವಲ್ಲ. 1912ರಲ್ಲಿ ಇಂಗ್ಲೆಂಡಿನ ಪಿಲ್ಟ್‌ಡೌನ್ ಎಂಬಲ್ಲಿ ಸಿಕ್ಕಿತೆಂದು ಚಾರ್ಲ್ಸ್ ಡಾಸನ್ ಮತ್ತು ಆರ್ಥರ್ ಸ್ಮಿತ್ ವುಡ್‌ವರ್ಡ್ ಮುಂದಿಟ್ಟ ‘ಆದಿಮಾನವ’ನ ತಲೆಬುರುಡೆಯನ್ನು ಅಲ್ಲಿನ ಹಿರಿಯ ವಿದ್ವಾಂಸರೇ ನಾಲ್ಕು ದಶಕ ಗೌರವಿಸಿದರು. ಮನುಷ್ಯನ ಮೊದಲ ಪೂರ್ವಜ ತಮ್ಮ ನೆಲದವನಾಗಿರಲಿ ಎಂಬ ಆಸೆ ಅವರಿಗಿತ್ತು. ಮೂಲ ಎಲುಬುಗಳು ಭದ್ರವಾಗಿ ಬೀಗದೊಳಗಿದ್ದವು. ಸಂಶೋಧಕರಲ್ಲಿ ಹೆಚ್ಚಿನವರಿಗೆ ದೊರೆಯುತ್ತಿದ್ದುದು ಗಾರೆಯ ಅಚ್ಚು ಮಾತ್ರ. 1953ರಲ್ಲಿ ಕೆನೆತ್ ಓಕ್ಲಿ, ಜೋಸೆಫ್ ವೈನರ್ ಮತ್ತು ಲೆ ಗ್ರೋ ಕ್ಲಾರ್ಕ್ ಅದರ ನಿಜವನ್ನು ಹೊರಗೆಡವಿದರು. ಮಣ್ಣಿನಲ್ಲಿರುವ ಎಲುಬು ಕಾಲ ಕಳೆದಂತೆ ಅಂತರ್ಜಲದ ಫ್ಲೋರಿನ್ನನ್ನು ಹೀರಿಕೊಳ್ಳುತ್ತದೆ, ಈ ಎಲುಬುಗಳಲ್ಲಿ ಅದು ತೀರ ಕಡಿಮೆಯಿತ್ತು. ಬುರುಡೆ ಮನುಷ್ಯನದು, ದವಡೆ ಒರಾಂಗುಟಾನಿನದು. ಹಳೆಯದಾಗಿ ಕಾಣಲೆಂದು ಎಲುಬುಗಳಿಗೆ ಬಣ್ಣ ಹಚ್ಚಿದ್ದರು, ಹಲ್ಲುಗಳನ್ನು ಅರದಿಂದ ಉಜ್ಜಿದ್ದರು. ಆ ಗೀರುಗಳು ಸೂಕ್ಷ್ಮದರ್ಶಕದಲ್ಲಿ ಕಾಣುತ್ತಿದ್ದವು. ನೋಡಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ, ಅಷ್ಟೆ.

ಪಿಲ್ಟ್‌ಡೌನಿನಲ್ಲಿ ಅರ ಹಿಡಿದ ಕೈಯೊಂದಿತ್ತು. ಆನೇಕಲ್ಲಿನ ಶಾಸ್ತ್ರಿಗಳನ್ನು ನಾನು ಆ ಸಾಲಿನಲ್ಲಿ ನಿಲ್ಲಿಸಲಾರೆ, ಅಧ್ಯಯನ ಮಾಡಿದ ಐವರೂ ನಿಲ್ಲಿಸಲಿಲ್ಲ. ಅವರು ತಪ್ಪನ್ನು ಹೊರಿಸಿದ್ದು ಗ್ರಂಥದ ಪ್ರಕಟಣೆಗೆ ಸಂಬಂಧಪಟ್ಟವರ ಮೇಲೆ: ಹಸ್ತಪ್ರತಿಯ ಇತಿಹಾಸವನ್ನು ತಿರುಚಿದ, ಇಲ್ಲವೇ ಮರೆಮಾಚಿದ ಮೇಲೆ ಅದು ಪ್ರಾಚೀನವೆಂದು ಮೆರೆಯಿತು ಎಂದು. ಈ ವ್ಯತ್ಯಾಸ ನನಗೆ ಬಹಳ ಮುಖ್ಯ. ‘1923, ಆನೇಕಲ್, ಹೇಳಿದವರು ಇವರು, ಬರೆದುಕೊಂಡವರು ಇವರು’ ಎಂಬ ಒಂದು ಸಾಲು ಎಲ್ಲ ಪ್ರತಿಗಳ ಮೊದಲ ಪುಟದಲ್ಲಿ ಎದ್ದು ಕಾಣುವಂತೆ ಇದ್ದಿದ್ದರೆ, ಅದು ಇಪ್ಪತ್ತನೆಯ ಶತಮಾನದ ಒಬ್ಬ ಪಂಡಿತರ ಕಲ್ಪನೆಯಾಗಿ ಉಳಿಯುತ್ತಿತ್ತು. ಆ ಸಾಲು ಮರೆಯಾದದ್ದರಿಂದಲೇ 2015ರ ಜನವರಿಯಲ್ಲಿ ಮುಂಬಯಿಯ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧಿವೇಶನದಲ್ಲಿ, ಸಾವಿರಾರು ವಿಜ್ಞಾನಿಗಳು ಸೇರುವಲ್ಲಿ, ಅದೇ ವಿಮಾನಗಳು ಗ್ರಹದಿಂದ ಗ್ರಹಕ್ಕೆ ಹಾರುತ್ತಿದ್ದವೆಂಬ ಉಪನ್ಯಾಸ ನಡೆಯಲು ಸಾಧ್ಯವಾಯಿತು. ಬೆಂಗಳೂರಿನ ಅಧ್ಯಯನ ಪ್ರಕಟವಾಗಿ ಆಗಲೇ ನಲವತ್ತು ವರ್ಷ ಕಳೆದಿದ್ದವು. ಆ ದಿನಗಳ ಸುದ್ದಿಯನ್ನು ಓದಿದಾಗ ಆದ ನೋವು ನನಗೆ ಇನ್ನೂ ನೆನಪಿದೆ.

ಹುಡುಗ ಮಾದರಿಯನ್ನು ಎಸೆಯಲಿಲ್ಲ, ನಾನೂ ಎಸೆಯಲು ಹೇಳಲಿಲ್ಲ. ಚಾರ್ಟನ್ನು ಮಾತ್ರ ಹೊಸದಾಗಿ ಬರೆದ: ಮೇಲೆ ಶಾಸ್ತ್ರಿಗಳ ಹೆಸರು, ಊರು, ಇಸವಿ, ಕೆಳಗೆ ‘ಇದು ಹಾರಬೇಕಾದರೆ ಎಷ್ಟು ಶಕ್ತಿ ಬೇಕು?’ ಎಂಬ ಪ್ರಶ್ನೆ, ಅದರಡಿಯಲ್ಲಿ ನಮ್ಮ ಲೆಕ್ಕ. ಪ್ರದರ್ಶನದ ದಿನ ಕೆಳಗಿನ ತರಗತಿಯ ಒಬ್ಬಳು ಹುಡುಗಿ ಅದರ ಮುಂದೆ ಬಹಳ ಹೊತ್ತು ನಿಂತು, ತೂಕ ಒಂದು ಟನ್ ಎಂದು ಯಾವ ಆಧಾರದಿಂದ ಹಾಕಿದಿರಿ ಎಂದು ಕೇಳಿದಳಂತೆ. ಅವನಿಗೆ ಉತ್ತರ ಹೊಳೆಯಲಿಲ್ಲ. ನಾವು ಲೆಕ್ಕ ಸುಲಭವಾಗಲೆಂದು ಅದನ್ನು ಹಾಗೆಯೇ ಇಟ್ಟುಕೊಂಡಿದ್ದೆವು. ಈಗ ಸಂಜೆ ಸಂಜೆ ಇಬ್ಬರೂ ಕುಳಿತು, ಆ ಗಾತ್ರದ ಗೋಪುರವನ್ನು ತೆಳುವಾದ ಅಲ್ಯೂಮಿನಿಯಂ ತಗಡಿನಲ್ಲಿ ಕಟ್ಟಿದರೆ ಎಷ್ಟು ತೂಗೀತು ಎಂದು ಒಂದೊಂದೇ ಭಾಗವನ್ನು ಅಳೆದು ಬರೆಯುತ್ತಿದ್ದೇವೆ.