ಮುಂಜಾವಿನ ಹುಸಿ ದೂಳು: ಸೆನ್ಸರ್‌ಗೆ ಬಿಸಿ ಕೊಳವೆ

ಕೊನೆಗೂ ಮುಂಜಾವಿನ ಹುಸಿ ಏರಿಕೆ ನಿಂತಿದೆ! ಗಾಳಿಯ ದೂಳು ಅಳೆಯುವ ಪಿಎಂಎಸ್5003 ಸೆನ್ಸರ್ ಇಟ್ಟುಕೊಂಡವರಿಗೆಲ್ಲ ಈ ಕಾಟ ಗೊತ್ತು: ಗಾಳಿಯ ತೇವ 85% ದಾಟಿತೆಂದರೆ ಪಿಎಂ 2.5 (2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ದೂಳಿನ ಪ್ರಮಾಣ) ಏರತೊಡಗುತ್ತದೆ, ಬಿಸಿಲು ಬಂದರೆ ತಾನಾಗಿ ಇಳಿಯುತ್ತದೆ. ವೈರಿಂಗ್, ಕೋಡ್ ಎಲ್ಲ ಬಿಟ್ಟು ನೇರ ತೇವಕ್ಕೇ ಬರುತ್ತೇನೆ.

ಸಲ್ಫೇಟ್, ನೈಟ್ರೇಟ್, ಉಪ್ಪಿನ ಕಣಗಳು ನೀರು ಹೀರಿ ಉಬ್ಬುತ್ತವೆ. ಕಣ ಎಷ್ಟು ಉಬ್ಬುತ್ತದೆಂದು ಹೇಳುವ ಕಾಪ್ಪಾ ಸೂತ್ರಕ್ಕೆ ಒಳನಾಡಿನ ಗಾಳಿಗೆ ಸಾಮಾನ್ಯವಾಗಿ ಹಿಡಿಯುವ 0.3 ಹಾಕಿದರೆ, 95% ತೇವದಲ್ಲಿ ಕಣದ ಘನಗಾತ್ರ ಒಣಗಿದ್ದಾಗಿನ 6.7 ಪಟ್ಟು, ವ್ಯಾಸ ಸುಮಾರು 1.9 ಪಟ್ಟು. ಲೆಕ್ಕದಲ್ಲಿ ಭಾಗಿಸಿ ಸರಿಮಾಡಬಹುದಲ್ಲ ಎಂದರೆ ಅಲ್ಲೊಂದು ತೊಡಕಿದೆ. ಅನಿಲದಿಂದ ಹುಟ್ಟಿದ ಕಣಗಳು ಒಂದಕ್ಕೊಂದು ಅಂಟಿಕೊಂಡು, ಮೈಮೇಲೆ ಆವಿ ಕೂತು ಬೆಳೆದು, 0.1ರಿಂದ 1 ಮೈಕ್ರಾನ್ ನಡುವೆ ಬೀಡುಬಿಡುತ್ತವೆ. ಈ ಸೆನ್ಸರ್‌ಗೆ 0.3ರ ಕೆಳಗಿನದು ಕಾಣುವುದಿಲ್ಲ. ಒಣಗಿದ್ದಾಗ 0.2 ಇದ್ದ ಕಣ ಉಬ್ಬಿ 0.38 ಆದಾಗ ಹೊಸದಾಗಿ ಎಣಿಕೆಗೆ ಸೇರುತ್ತದೆ. ಇಂಥವು ಎಷ್ಟು ಸೇರಿದವು ಎಂದು ಯಾವ ಗುಣಾಂಕವೂ ಹೇಳಲಾರದು. ಅಳೆಯುವ ಮುನ್ನವೇ ಒಣಗಿಸಬೇಕು. ಅದಕ್ಕೇ ಗಾಳಿ ಸೆನ್ಸರ್‌ಗೆ ಹೋಗುವ ದಾರಿಯಲ್ಲಿ ಬಿಸಿ ಕೊಳವೆ.

ಕೊಳವೆ ಹಿತ್ತಾಳೆಯದು, ಉದ್ದ 15 ಸೆಂ.ಮೀ., ಒಳವ್ಯಾಸ 8 ಮಿ.ಮೀ. ಪ್ಲಾಸ್ಟಿಕ್ ಬೇಡ, ಸ್ಥಿರವಿದ್ಯುತ್ತಿಗೆ ಕಣಗಳು ಗೋಡೆಗೆ ಅಂಟುತ್ತವೆ. ಇನ್ನೂ ಸಪೂರವಾದರೆ ಸೆನ್ಸರ್‌ನ ಪುಟ್ಟ ಫ್ಯಾನ್ ಎಳೆಯಲಾರದು. (ಅಂಗಡಿಯವರು ಬರೀ '8 ಮಿ.ಮೀ.' ಎಂದು ಬರೆದು ಹೊರವ್ಯಾಸದ್ದು ಕಳಿಸುತ್ತಾರೆ. ಕೇಳಿಯೇ ಕೊಳ್ಳಿ.) ಹೊರಗೋಡೆಗೆ ಹೀಟರ್ ಆಗಿ 10 ಓಮ್, 5 ವಾಟ್ ರೆಸಿಸ್ಟರ್, 5 ವೋಲ್ಟ್, ಸ್ವಿಚ್ಚಿನಂತೆ ಕೆಲಸ ಮಾಡುವ ಮಾಸ್ಫೆಟ್‌ನಿಂದ ಪಿಡಬ್ಲ್ಯುಎಂ (ಬೇಗಬೇಗ ಹಾಕಿ ಆರಿಸಿ ಶಾಖ ಹದಮಾಡುವುದು). ನಿಮಿಷಕ್ಕೆ 1 ಲೀಟರ್ ಗಾಳಿಯನ್ನು 11 ಡಿಗ್ರಿ ಏರಿಸಲು ಕಾಲು ವಾಟ್ ಕೂಡ ಬೇಡ, ಮಿಕ್ಕಿದ್ದೆಲ್ಲ ಗೋಡೆಯಿಂದ ಹೊರಗೆ ಸೋರುವ ಶಾಖಕ್ಕೆ.

ಇಷ್ಟಾದರೂ ಏರಿಕೆ ಹೋಗಲಿಲ್ಲ. ಹೊರಗೆ 20 ಡಿಗ್ರಿ, 95% ತೇವ ಇದ್ದಾಗ ಗಾಳಿಯನ್ನು 31 ಡಿಗ್ರಿಗೆ ಕಾಯಿಸಿದರೆ ತೇವ 50%ಗೆ ಬರುತ್ತದೆ, ಕಣದ ಘನಗಾತ್ರ 1.3 ಪಟ್ಟಿಗೆ ಇಳಿಯುತ್ತದೆ. ಆದರೆ ಹೀಟರ್ ಮುಗಿದಲ್ಲಿಂದ ಸೆನ್ಸರ್ ಬಾಯಿವರೆಗಿನ ಬರಿಮೈ ಕೊಳವೆಯಲ್ಲಿ ಅದೇ ಗಾಳಿ 25ಕ್ಕೆ ತಣಿದರೆ ತೇವ ಮತ್ತೆ 70%! ಒಮ್ಮೆ ಕರಗಿದ ಅಮೋನಿಯಂ ಸಲ್ಫೇಟ್ ಸುಮಾರು 35%ಗೆ ಇಳಿಯುವವರೆಗೂ ಹರಳಾಗುವುದಿಲ್ಲ, ಹಾಗಾಗಿ 70%ರಲ್ಲಿ ಅದು ನೀರು ಹೊತ್ತುಕೊಂಡೇ ಒಳಗೆ ಹೋಗುತ್ತದೆ. ಶಾಖ ಏರಿಸಿ ಗೆಲ್ಲಲು ಹೋಗಬೇಡಿ: ಅಮೋನಿಯಂ ನೈಟ್ರೇಟ್ ಆವಿಯಾಗಿ, ನಿಜವಾದ ದೂಳೇ ಕಳೆದುಹೋಗುತ್ತದೆ. 50 ಡಿಗ್ರಿಗೆ ಕಾಯಿಸುತ್ತಿದ್ದ ದೂಳು ತೂಗುವ ಹಳೆಯ ಟಿಯೋಮ್ ಉಪಕರಣಗಳ ದೊಡ್ಡ ಕೊರತೆಯೇ ಅದು. ನನ್ನ ಕೋಡ್‌ನಲ್ಲಿ ಮಿತಿ 40 ಡಿಗ್ರಿ.

ಕೆಲಸ ಮಾಡಿದ್ದು ಇದು. ಹೀಟರನ್ನು ಸೆನ್ಸರ್ ಬಾಯಿಗೇ ತಂದು, ಕೊಳವೆಗೆ ಪೂರ್ತಿ ಫೋಮ್ ಸುತ್ತಿದ್ದು. ಉಷ್ಣತೆ ಅಳೆಯುವ 10ಕೆ ಥರ್ಮಿಸ್ಟರ್ ಮಣಿಯನ್ನು ಗೋಡೆಗೆ ತಾಗದಂತೆ ಆ ಬಾಯಿಯ ಗಾಳಿಯಲ್ಲೇ ನಿಲ್ಲಿಸಿದ್ದು. ತೇವದ ಸೆನ್ಸರ್ ಎಸ್‌ಎಚ್‌ಟಿ31 ಹೊರಗೆ ನೆರಳಲ್ಲೇ ಇರಲಿ. ಅಲ್ಲಿನ ಆವಿಯೊತ್ತಡವನ್ನು ಬಾಯಿಯ ಉಷ್ಣತೆಯ ಪರ್ಯಾಪ್ತ ಒತ್ತಡದಿಂದ (ಆ ಉಷ್ಣತೆಯಲ್ಲಿ ಆವಿಯೊತ್ತಡದ ಗರಿಷ್ಠ ಮಿತಿ) ಭಾಗಿಸಿದರೆ ಒಳಗಿನ ತೇವ ಸಿಗುತ್ತದೆ. ಹೀಟರನ್ನು ಹದಮಾಡುವ ಕಂಟ್ರೋಲ್ ಲೂಪ್ ಹಿಡಿಯಬೇಕಾದ್ದು ಒಳಗಿನ 50% ತೇವವನ್ನು, ಯಾವುದೋ ಒಂದು ಉಷ್ಣತೆಯನ್ನಲ್ಲ. ಮತ್ತೆ, ಪಿಎಂಎಸ್5003ರಲ್ಲಿ ಗಾಳಿ ಒಳಬರುವ, ಹೊರಹೋಗುವ ಕಿಂಡಿಗಳು ಒಂದೇ ಮುಖದಲ್ಲಿವೆ. ನಡುವೆ ಫೋಮ್ ಅಡ್ಡಗೋಡೆ ಇಲ್ಲದಿದ್ದರೆ ಹೊರಬಿಟ್ಟ ಬಿಸಿಗಾಳಿಯೇ ತಿರುಗಿ ಒಳಬಂದು ಥರ್ಮಿಸ್ಟರನ್ನು ಯಾಮಾರಿಸುತ್ತದೆ.

ಪರೀಕ್ಷೆಗೆ ಪಿಎಂ ಅಂಕಿಗಿಂತ 0.3 ಮತ್ತು 0.5 ಮೈಕ್ರಾನ್ ಎಣಿಕೆಗಳು ಮೇಲು. ಹೀಟರ್ ಆರಿಸಿ ಹಾಕಿದಾಗ ಅವು ತೇವದ ಗ್ರಾಫಿನ ಹಿಂದೆಯೇ ಕುಣಿದರೆ ಅದು ನೀರು. ಕುಣಿಯದೆ ಏರಿದರೆ ಹೊಗೆಯೇ ಬಂದಿದೆ.

ಇನ್ನು ಕೈಗೆತ್ತಿಕೊಳ್ಳುವುದು ಇಂಪ್ಯಾಕ್ಟರ್, ಎಂದರೆ ದೊಡ್ಡ ಕಣಗಳನ್ನು ತಟ್ಟೆಗೆ ಬಡಿಸಿ ಹಿಡಿದಿಡುವ ಸಾಧನ. ನಿಮಿಷಕ್ಕೆ 3 ಲೀಟರ್ ಪಂಪ್, 2.5 ಮೈಕ್ರಾನ್ ಕಡಿತ ಎಂದರೆ ಸ್ಟೋಕ್ಸ್ ಸಂಖ್ಯೆ (ಗಾಳಿ ತಿರುಗಿದಾಗ ಕಣ ತಿರುಗದೆ ನೇರ ಸಾಗುವ ಒಲವಿನ ಅಳತೆ) 0.24ರ ಲೆಕ್ಕದಲ್ಲಿ ದುಂಡನೆಯ ನಾಜಲ್‌ಗೆ 2.2 ಮಿ.ಮೀ. ಬರುತ್ತದೆ. ಡ್ರಿಲ್ ಬಿಟ್ ಆ ಅಳತೆಯದೇ ಸಿಕ್ಕಿದೆ. ತಟ್ಟೆಗೆ ತೆಳುವಾಗಿ ಗ್ರೀಸ್ ಬಳಿಯಬೇಕು, ಇಲ್ಲದಿದ್ದರೆ ಒಣ ಕಣಗಳು ಬಡಿದು ಪುಟಿದು ಮುಂದೆ ಹೋಗಿಬಿಡುತ್ತವೆ.